ನೆಲ್ಲಿತೋಪಿನ ಗುತ್ತಿಗೆ

ಕಾರ್ತಿಕ ಮಾಸ ಹತ್ತಿರ ಬಂತೆಂದರೆ ಅಂಜನಮ್ಮನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ದೀಪಾವಳಿಯ ಪಟಾಕಿ ಸದ್ದು ಅಡಗಿದ ಮಾರನೆಯ ಬೆಳಿಗ್ಗೆಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಣಿಸೆಹಣ್ಣು ಬೂದಿ ಹಿಡಿದು, ಹಿತ್ತಲಲ್ಲಿ ಬೋರಲು ಹಾಕಿದ್ದ ಕೊಳಗ, ಕಡಾಯಿ, ತಪ್ಪಲೆಗಳನ್ನೆಲ್ಲ ಉಜ್ಜಲು ಕೂರುತ್ತಿದ್ದಳು. ಉಜ್ಜುತ್ತಲೇ ಕೂಗುತ್ತಿದ್ದಳು: "ನೋಡ್ತಿರಿ, ಈ ಸಲ ಹೋದ್ ಸಲಕ್ಕಿಂತ ಜಾಸ್ತಿ ಜನ ಬತ್ತಾರೆ!" ಗಂಡ ತಿಮ್ಮರಾಯಪ್ಪ ಜಗಲಿಯ ಮೇಲೆ ಕೂತು "ಹೂಂ" ಅನ್ನುತ್ತಿದ್ದ. ಅವನು ದಿನವಿಡೀ ಆಡುತ್ತಿದ್ದ ಮಾತಿನಲ್ಲಿ ಮುಕ್ಕಾಲು ಪಾಲು ಆ "ಹೂಂ" ಒಂದೇ.

ಬರುತ್ತಿದ್ದವರು ಪೇಟೆಯ ಜನ. ಹೊಸಕೆರೆಹಳ್ಳಿ ಕೆರೆಯ ಏರಿ ಮುಗಿಯುವ ಕಡೆ ಸರ್ಕಾರದ ಒಂದು ತೋಪಿತ್ತು. ಹುಣಿಸೆ, ಹೊಂಗೆ, ನಡುವೆ ಒಂದು ಸಾಲು ನೆಲ್ಲಿ, ನೀರಿನ ಅಂಚಿಗೆ ಎಲ್ಲಕ್ಕಿಂತ ಎತ್ತರವಾಗಿ ನಿಂತ ಒಂದು ಬೂರುಗದ ಮರ. ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ಊಟ ಮಾಡಿದರೆ ಪುಣ್ಯವೆಂದು ಬಸವನಗುಡಿ, ಚಾಮರಾಜಪೇಟೆಗಳಿಂದ ಸಂಸಾರ ಸಂಸಾರವೇ ಜಟಕಾ ಹತ್ತಿ ವನಭೋಜನಕ್ಕೆ ಬರುತ್ತಿತ್ತು. ಬಂದವರಿಗೆ ಪುಣ್ಯದ ಜೊತೆಗೆ ತಣ್ಣನೆಯ ಗಾಳಿ ಸಿಕ್ಕಿತು, ಮಕ್ಕಳಿಗೆ ಓಡಾಡಲು ಜಾಗ ಸಿಕ್ಕಿತು. ಆಮೇಲೆ ಕಾರ್ತಿಕ ಕಳೆದರೂ ಬರುವುದು ನಿಲ್ಲಲಿಲ್ಲ. ಜಯನಗರದಲ್ಲಿ ಹೊಸ ಮನೆಗಳು ಏಳತೊಡಗಿದ ಮೇಲೆ ಕೇಳುವುದೇ ಬೇಡ. ಭಾನುವಾರ ಬೆಳಗಾದರೆ ಸೈಕಲ್ಲಿನ ಮೇಲೆ ಮಿಲ್ಲಿನ ಕೆಲಸಗಾರರು, ಬಾಡಿಗೆ ಬಸ್ಸಿನಲ್ಲಿ ಆಫೀಸಿನವರು, ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡ ಹೊಸ ಗಂಡಂದಿರು. 'ಬಡವರ ಊಟಿ' ಎಂದು ಯಾರೋ ಹೆಸರಿಟ್ಟರು. ಹೆಸರು ನಿಂತಿತು.

ಅಂಜನಮ್ಮ ಹುಟ್ಟಿದ್ದು ಉತ್ತರಹಳ್ಳಿಯಲ್ಲಿ. ಹೊಸಕೆರೆಹಳ್ಳಿಗೆ ಸೊಸೆಯಾಗಿ ಬಂದಾಗ ಗಂಡನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಇತ್ತು. ಅವಳಿಗೆ ಗದ್ದೆಗಿಂತ ತೋಪಿನ ಮೇಲೆ ಕಣ್ಣು. ಮನೆಯಲ್ಲಿ ಕೆಲಸ ಮುಗಿಸಿದವಳೇ ಏರಿಯ ಮೇಲೆ ನಿಂತು ಪೇಟೆಯವರ ಗದ್ದಲ ನೋಡುತ್ತಿದ್ದಳು. ಒಂದು ದಿನ ಒಬ್ಬ ಯಜಮಾನರು ಬೆವರು ಒರೆಸಿಕೊಂಡು ಏರಿ ಹತ್ತಿ ಬಂದು, "ತಾಯಿ, ಅಕ್ಕಿ ಬೇಳೆ ಎಲ್ಲಾ ತಂದಿದೀವಿ, ಅನ್ನದ ಕೊಳಗವನ್ನೇ ಮನೇಲಿ ಮರೆತು ಬಂದ್ವಿ" ಅಂದರು. ಅಂಜನಮ್ಮ ಮನೆಗೆ ಓಡಿದಳು, ಮದುವೆಯಲ್ಲಿ ಬಂದಿದ್ದ ಕೊಳಗವನ್ನು ತಲೆಯ ಮೇಲೆ ಹೊತ್ತು ಓಡಿ ಬಂದಳು. ಅಲ್ಲಿಂದ ಅವಳ ಕೆಲಸ ಶುರುವಾಯಿತು. ಮೊದಲು ಬಾಡಿಗೆಗೆ ಪಾತ್ರೆ, ಆಮೇಲೆ ಕಲ್ಲಿನ ಒಲೆಗಳು, ಸೌದೆ, ಸೇದಿ ತುಂಬಿಟ್ಟ ನೀರು. ಮಡಿಯವರು ಪಾತ್ರೆಯನ್ನು ತಾವೇ ತರುತ್ತಿದ್ದರು. ಅವರಿಗೆ ಒಲೆ ಸಾರಿಸಿ, ರಂಗೋಲಿ ಎಳೆದು, ದೂರ ನಿಂತು, "ಇನ್ನೇನಾದ್ರೂ ಬೇಕಾ ಅಮ್ಮಾ?" ಎಂದು ಕೇಳುತ್ತಿದ್ದಳು.

ಸರ್ಕಾರದ ಜಾಗದಲ್ಲಿ ಹೀಗೆ ಒಲೆ ಹೂಡುವಂತಿಲ್ಲ ಎಂದು ಕಂದಾಯ ಇಲಾಖೆಯ ಶೇಕದಾರರು ಬಂದು ಗದರಿದ ಮೇಲೆ ಗುತ್ತಿಗೆಯ ಮಾತು ಬಂತು. ಅದು ನಲವತ್ತೊಂಬತ್ತನೇ ಇಸವಿ. ತೋಪಿನಲ್ಲಿ ವ್ಯಾಪಾರ ಮಾಡುತ್ತಿದ್ದವರಿಗೆ ಒಂದೊಂದು ತುಂಡು ಜಾಗವನ್ನು ಹದಿನೈದು ವರ್ಷಕ್ಕೆ ಕೊಡುತ್ತೇವೆ, ತಾಲ್ಲೂಕು ಕಚೇರಿಗೆ ಬನ್ನಿ ಅಂದರು. ಹೋಗಬೇಕಾದ ದಿನ ತಿಮ್ಮರಾಯಪ್ಪ ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದ. ಅಂಜನಮ್ಮ ಒಬ್ಬಳೇ ಹೋದಳು.

"ಯಾರ ಹೆಸರಿಗೆ ಬರ್ಕೊಳ್ಳಲಿ?" ಗುಮಾಸ್ತ ಕೇಳಿದ.

"ನನ್ನೆಸ್ರಿಗೆ."

"ಗಂಡನ ಹೆಸರು ಹೇಳಮ್ಮ."

"ಗಂಡ ಜ್ವರ ಬಂದು ಮಲಗವ್ನೆ ಸ್ವಾಮಿ. ಒಲೆ ಹೂಡೋಳು ನಾನು, ಪಾತ್ರೆ ಬೆಳಗೋಳು ನಾನು. ನನ್ನೆಸ್ರೇ ಬರ್ಕಳಿ."

ಗುಮಾಸ್ತ ಲೇಖನಿಯನ್ನು ಮೇಲೆತ್ತಿ ಅವಳನ್ನೇ ನೋಡಿದ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಬೇಗ ಅಂದರು. ಅವನು ಬರೆದುಕೊಂಡ. ಅಂಜನಮ್ಮ ಅಲ್ಲಿಂದ ಊರಿನವರೆಗೂ ನೆಲ ಮುಟ್ಟದ ಹಾಗೆ ಬಂದಳಂತೆ. ಮನೆಯ ಹೊಸಿಲಲ್ಲೇ ನಿಂತು, "ಹದಿನೈದು ವರ್ಷ! ನನ್ನೆಸ್ರಲ್ಲಿ!" ಎಂದು ಕೂಗಿದಾಗ ಕಂಬಳಿಯ ಒಳಗಿಂದ "ಹೂಂ" ಬಂತು. ಆ ಹೂಂನಲ್ಲಿ ಸ್ವಲ್ಪ ನಗು ಇತ್ತೆಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು.

ಗುತ್ತಿಗೆ ಸಿಕ್ಕವರು ಇನ್ನಿಬ್ಬರು. ಒಬ್ಬಳು ನೀಲಗಂಗಮ್ಮ. ದಾವಣಗೆರೆ ಕಡೆಯವಳು. ಅವಳ ಗಂಡ ಗುರುಶಾಂತಪ್ಪ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಬಂದವನು, ಅಲ್ಲಿ ಮನಸ್ಸು ನಿಲ್ಲದೆ ತೋಪಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಅಂಗಡಿ ಹಾಕಿದ್ದ. ಇನ್ನೊಬ್ಬ ಚಿಕ್ಕಬೈರಪ್ಪ. ಊರಿನವನೇ. ಅವನದೊಂದು ಬುಟ್ಟಿಯಂಥ ದುಂಡು ಹರಗೋಲು. ಬಂದವರನ್ನು ಅದರಲ್ಲಿ ಕೂರಿಸಿ ಕೆರೆಯ ಮಧ್ಯಕ್ಕೆ ಒಯ್ದು ಗರಗರ ತಿರುಗಿಸಿ, ಹೆಂಗಸರು ಕಿರುಚಿದ ಮೇಲೆ ದಡಕ್ಕೆ ತರುತ್ತಿದ್ದ. ಹಲಸೂರು ಕೆರೆಯಲ್ಲಿ ಒಮ್ಮೆ ಮರದ ದೋಣಿ ಕಂಡು ಬಂದ ಮೇಲೆ ಅವನಿಗೆ ಅಂಥದ್ದೇ ಒಂದು ಬೇಕೆಂಬ ಹುಚ್ಚು. ಸಿಕ್ಕವರಿಗೆಲ್ಲ ಅದರ ವರ್ಣನೆ ಮಾಡುತ್ತಿದ್ದ.

ಅಂಜನಮ್ಮನಿಗೂ ನೀಲಗಂಗಮ್ಮನಿಗೂ ಮೊದಲ ವರ್ಷವೇ ಕೆಟ್ಟಿತು. ಕೆರೆಯ ಕಡೆಯಿಂದ ಗಾಳಿ ತಿರುಗಿದರೆ ಒಲೆಗಳ ಹೊಗೆಯೆಲ್ಲ ನೇರ ಬಜ್ಜಿ ಅಂಗಡಿಗೆ.

"ನಿಮ್ಮ ಹೊಗೆ ನಮ್ಮ ಎಣ್ಣೆಗೆ ಬೀಳ್ತೈತ್ರೀ!" ನೀಲಗಂಗಮ್ಮ ಕೂಗಿದಳು.

"ನಿಮ್ ಮೆಣಸಿನ್ಕಾಯ್ ಘಾಟಿಗೆ ನಮ್ ಗಿರಾಕಿಗಳು ಕೆಮ್ಮಿ ಸಾಯ್ತಾವ್ರೆ, ಅದಕ್ಕೇನಂತೀರಿ?" ಅಂಜನಮ್ಮ ತಿರುಗಿ ಕೂಗಿದಳು.

ಅಲ್ಲಿಗೆ ಮಾತು ನಿಂತಿತು. ಒಂದೇ ತೋಪಿನಲ್ಲಿ ವರ್ಷಗಟ್ಟಲೆ ಎದುರುಬದುರು ಕೂತರೂ ಒಬ್ಬರಿಗೊಬ್ಬರು ಮಾತಿಲ್ಲ. ಹೇಳುವುದಿದ್ದರೆ ನೀಲಗಂಗಮ್ಮ ಗಂಡನ ಕಡೆ ತಿರುಗಿ ಗಟ್ಟಿಯಾಗಿ ಹೇಳುವಳು. ಅಂಜನಮ್ಮ ತನ್ನ ಒಲೆಗೆ ಹೇಳುವಳು.

ಹೀಗೇ ನಡೆದು ಅರವತ್ತನಾಲ್ಕು ಬಂತು. ದೀಪಾವಳಿ ಮುಗಿದಿತ್ತು, ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು. ಒಂದು ಬೆಳಿಗ್ಗೆ ತಳವಾರ ತಮಟೆ ಬಡಿದುಕೊಂಡು ಬೀದಿಯಲ್ಲಿ ಬಂದ. ನೆಲ್ಲಿತೋಪಿನ ಗುತ್ತಿಗೆಯ ಅವಧಿ ಮುಗಿಯುತ್ತಿದೆ, ಸಂಬಂಧಪಟ್ಟವರು ಚಾವಡಿಗೆ ಬರಬೇಕು ಎಂದು ಸಾರಿದ. ಅಂಜನಮ್ಮ ಕೈಯ ಬೂದಿಯನ್ನು ಸೀರೆಗೇ ಒರೆಸಿಕೊಂಡು ಹೋದಳು. ಗುರುಶಾಂತಪ್ಪ ಬಂದಿದ್ದ, ಬೈರಪ್ಪ ಬಂದಿದ್ದ.

ಶೇಕದಾರರು ವಿಷಯ ಹೇಳಿದರು. ಇನ್ನು ಮುಂದೆ ತುಂಡು ತುಂಡಾಗಿ ಗುತ್ತಿಗೆ ಇಲ್ಲ. ತೋಪು ಪೂರ್ತಿ ಒಂದೇ ಗುತ್ತಿಗೆ, ಇಪ್ಪತ್ತು ವರ್ಷಕ್ಕೆ. ಪೇಟೆಯ ಕೆಲವು ದೊಡ್ಡ ಮನುಷ್ಯರು ಕಟ್ಟಿಕೊಂಡ ಕ್ಲಬ್ಬೊಂದು ಈಗಾಗಲೇ ಅರ್ಜಿ ಹಾಕಿದೆ. ಸುತ್ತ ಬೇಲಿ ಹಾಕಿ, ದೋಣಿಮನೆ ಕಟ್ಟಿ, ಮೆಂಬರುಗಳ ವಿಹಾರಕ್ಕೆ ಇಟ್ಟುಕೊಳ್ಳುತ್ತಾರಂತೆ. ಹಳೆಯ ಗುತ್ತಿಗೆದಾರರು ಮೂವರೂ ಸೇರಿ ಜಂಟಿಯಾಗಿ ಕೇಳಿದರೆ ಅದನ್ನೂ ಪರಿಶೀಲಿಸುತ್ತಾರೆ. ಕಾರ್ತಿಕದ ಮೂರನೇ ಭಾನುವಾರ ತಾಲ್ಲೂಕಿನ ಅಮಲ್ದಾರರು ತೋಪಿಗೇ ಬಂದು ವಿಚಾರಣೆ ಮಾಡುತ್ತಾರೆ. ಅರ್ಜಿಯಲ್ಲಿ ಹೆಸರಿದ್ದವರೆಲ್ಲ ಎದುರಿಗೆ ಇರಬೇಕು. ಒಬ್ಬರು ಇಲ್ಲದಿದ್ದರೂ ಅರ್ಜಿ ಬಿತ್ತೆಂದೇ ಲೆಕ್ಕ.

ಅಂಜನಮ್ಮ ಚಾವಡಿಯಿಂದ ಮನೆಗೆ ಹೋಗಲಿಲ್ಲ. ನೇರ ಬಜ್ಜಿ ಅಂಗಡಿಯ ಮುಂದೆ ನಿಂತಳು.

"ನೀಲಗಂಗಮ್ಮನೋರೆ."

ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ನೀಲಗಂಗಮ್ಮನ ಕೈಯಲ್ಲೇ ನಿಂತಿತು. ಹಿಂದೆಯೇ ಬಂದ ಗಂಡನ ಕಡೆ ತಿರುಗಿ ಹೇಳಿದಳು: "ಯಾರೋ ಕರ್ದಂಗಾತು ನೋಡ್ರಿ."

"ನಾನೇ ಕರ್ದಿದ್ದು. ಅವರ್ಗ್ಯಾಕೆ ಹೇಳ್ತೀರಿ? ನನ್ ಕಡೆ ತಿರುಗಿ. ತೋಪು ಹೋಗ್ತದೆ. ಬೇಲಿ ಹಾಕ್ತಾರಂತೆ. ನನ್ ಒಲೆ, ನಿಮ್ ಬಾಣ್ಲೆ ಎರಡನ್ನೂ ಎತ್ತಿ ಆಚೆಗೆ ಎಸೀತಾರೆ."

"ಹಂಗಾರೆ ಹೊಗೆ ಕಾಟ ತಪ್ತು."

"ತಪ್ತದೆ. ಮೆಣಸಿನ್ಕಾಯ್ ಕಾಟವೂ ತಪ್ತದೆ."

ಗುರುಶಾಂತಪ್ಪನಿಗೆ ನಗು ತಡೆಯಲಾಗಲಿಲ್ಲ. ನೀಲಗಂಗಮ್ಮ ಅವನನ್ನು ಕೆಕ್ಕರಿಸಿ ನೋಡಿದಳು. ಆಮೇಲೆ ಅವಳ ತುಟಿಯೂ ಸಡಿಲವಾಯಿತು. ಕೈಯಲ್ಲಿದ್ದುದನ್ನು ಎಣ್ಣೆಗೆ ಬಿಟ್ಟು, ಬೆಂದ ಒಂದನ್ನು ಎಲೆಯ ಮೇಲಿಟ್ಟು ಮುಂದೆ ತಳ್ಳಿದಳು. "ಕೂಡ್ರಿ. ಬಿಸಿ ಐತಿ. ತಿಂದ್ಕೊಂತ ಹೇಳ್ರಿ."

ಇಷ್ಟು ವರ್ಷ ಯಾವುದರ ಘಾಟನ್ನು ಬೈದಿದ್ದಳೋ ಅದನ್ನು ಅಂಜನಮ್ಮ ಒಂದು ದಿನವೂ ಬಾಯಿಗೆ ಇಟ್ಟಿರಲಿಲ್ಲ. ಕಚ್ಚಿದಳು. ಕಣ್ಣಲ್ಲಿ ಮೂಗಲ್ಲಿ ನೀರು. "ಅಯ್ಯೋ, ಇಷ್ಟು ಚೆನ್ನಾಗೈತೆ ಅಂತ ಗೊತ್ತಿದ್ರೆ ಯಾವತ್ತೋ ಜಗಳ ಬಿಡ್ತಿದ್ನಲ್ಲ!" ಅಂದಳು. ಅಲ್ಲಿಗೆ ಅರ್ಧ ಕೆಲಸ ಆಯಿತು. ಅದೇ ವಾರ ಶಾನುಭೋಗರು ಜಂಟಿ ಅರ್ಜಿ ಬರೆದರು. ನೀಲಗಂಗಮ್ಮ ಸಹಿ ಹಾಕಿದಳು, ಅಂಜನಮ್ಮ ಮತ್ತು ಬೈರಪ್ಪ ಹೆಬ್ಬೆಟ್ಟು ಒತ್ತಿದರು.

ವಿಚಾರಣೆಯ ಹಿಂದಿನ ಸಂಜೆ ಬೈರಪ್ಪ ಕಾಣೆಯಾದ. ಗುಡಿಸಲಿಗೆ ಬೀಗ. ಹರಗೋಲು ದಡದಲ್ಲಿ ಬೋರಲು. ಪಕ್ಕದ ಮನೆಯವರು ಹೇಳಿದ್ದು ಇಷ್ಟು: ಕ್ಲಬ್ಬಿನ ಕಡೆಯವರು ಯಾರೋ ಬಂದು ಅವನನ್ನು ಮಾತಾಡಿಸಿದ್ದರು. ಮರದ ದೋಣಿ ನಡೆಸುವ ಕೆಲಸ, ಹಾಕಿಕೊಳ್ಳಲು ಪ್ಯಾಂಟು, ಬಿಳಿ ಟೋಪಿ ಕೊಡುತ್ತೇವೆ ಎಂದಿದ್ದರು. ಮಧ್ಯಾಹ್ನವೇ ಅವನು ಉತ್ತರಹಳ್ಳಿಯ ಅಕ್ಕನ ಮನೆಗೆ ಹೊರಟುಹೋದ.

ಭಾನುವಾರ ಕೋಳಿ ಕೂಗುವ ಹೊತ್ತಿಗೆ ಅಂಜನಮ್ಮ ಗಾಡಿ ಕಟ್ಟಿದಳು. "ನೀವು ಇಲ್ಲೇ ಇದ್ದು ಅಮಲ್ದಾರ್ರನ್ನ ನೋಡ್ಕಳಿ. ನಾನು ಬರಗಂಟ ಅವರು ಎಲ್ಲೂ ಹೋಗ್ಬಾರ್ದು" ಎಂದು ಗಂಡನಿಗೆ ಹೇಳಿದಳು. ತಿಮ್ಮರಾಯಪ್ಪ "ಹೂಂ" ಅಂದ. ನೀಲಗಂಗಮ್ಮ ಕೇಳದೆಯೇ ಬಂದು ಗಾಡಿ ಹತ್ತಿದಳು. "ನೀವೊಬ್ರೇ ಹೋದ್ರೆ ಅವನ್ನ ಬೈದು ಇನ್ನೂ ದೂರ ಓಡಿಸ್ತೀರಿ" ಅಂದಳು.

ಅಂಜನಮ್ಮನೇ ಎತ್ತು ಹೊಡೆದಳು. "ಹೈ! ಹೈ!" ಎಂಬ ಅವಳ ದನಿಗೆ ದಾರಿಯ ಎರಡು ಕಡೆಯ ರಾಗಿ ಹೊಲಗಳಿಂದ ಹಕ್ಕಿಗಳು ಎದ್ದು ಹಾರಿದವು. ನೀಲಗಂಗಮ್ಮ ಗಾಡಿಯ ಗೂಟವನ್ನು ಎರಡು ಕೈಯಲ್ಲೂ ಹಿಡಿದು, "ಬಸವಣ್ಣ, ಬಸವಣ್ಣ" ಅನ್ನುತ್ತಿದ್ದಳು. ಎತ್ತನ್ನು ಕರೆಯುತ್ತಿದ್ದಳೋ ದೇವರನ್ನು ಕರೆಯುತ್ತಿದ್ದಳೋ ತಿಳಿಯದು. ಉತ್ತರಹಳ್ಳಿ ಊರಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಒಂದು ಹಳ್ಳಕ್ಕೆ ಎಗರಿ, ಒಂದು ಚಕ್ರ ಕಳಚಿ, ತಾನೇ ಉರುಳಿಕೊಂಡು ಹೋಗಿ ಯಾರದೋ ತಿಪ್ಪೆಯಲ್ಲಿ ಕೂತಿತು. ಇಬ್ಬರೂ ಇಳಿದು, ಎತ್ತುಗಳನ್ನು ಬಿಚ್ಚಿ ಮರಕ್ಕೆ ಕಟ್ಟಿ, ಸೀರೆ ಎತ್ತಿ ಹಿಡಿದು ಓಡಿದರು.

ಬೈರಪ್ಪನ ಅಕ್ಕ ಮರಿಯಮ್ಮ ಬಾಗಿಲಲ್ಲೇ ಇದ್ದಳು. ಕೇಳುವ ಮೊದಲೇ ಹಿತ್ತಲಿನ ಕಡೆ ಕೈ ತೋರಿಸಿದಳು. ಅಲ್ಲಿ ಬೈರಪ್ಪ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು, ತಲೆ ಬಗ್ಗಿಸಿ ಸುಲಿಯುತ್ತಿದ್ದ.

"ಲೋ ಬೈರ! ಏಳೋ ಮೇಲೆ!"

"ನಾನು ಬರಕ್ಕಿಲ್ಲ ಅಂಜನಕ್ಕ." ಅವನು ತಲೆ ಎತ್ತಲಿಲ್ಲ. "ನಿಮಗೂ ಹೂಂ ಅಂದ್ಬುಟ್ಟಿವ್ನಿ, ಅವ್ರಿಗೂ ಹೂಂ ಅಂದ್ಬುಟ್ಟಿವ್ನಿ. ಅಲ್ಲಿ ಯಾರ ಮುಖ ನೋಡ್ಲಿ? ಅದಕ್ಕೇ ಇಲ್ಲಿ ಬಂದು ಕುಂತಿರೋದು."

ಅಂಜನಮ್ಮ ಬಾಯಿ ತೆರೆದಳು. ನೀಲಗಂಗಮ್ಮ ಅವಳ ತೋಳು ಹಿಡಿದು ನಿಲ್ಲಿಸಿ, ಅವನ ಎದುರಿಗೆ ಕೂತು, ತಾನೂ ಒಂದು ಅವರೆಕಾಯಿ ಸುಲಿಯತೊಡಗಿದಳು.

"ದೋಣಿ ಭಾಳ ಚಂದ ಇರ್ತೈತೇನಪ್ಪ?"

"ಊಂ. ಮರದ್ದು. ಬಣ್ಣ ಹೊಡ್ದಿರ್ತಾರೆ."

"ಅದರಾಗೆ ಯಾರನ್ನ ಕೂಡಿಸ್ತಿ?"

"ಮೆಂಬರುಗಳ್ನ."

"ನಿಮ್ಮಕ್ಕನ ಮಕ್ಕಳನ್ನ ಕೂಡಿಸ್ಲಿಕ್ಕೆ ಬಿಡ್ತಾರೇನು?"

ಬೈರಪ್ಪನ ಕೈ ನಿಂತಿತು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಮರಿಯಮ್ಮ ಕೇಳಿದಳು: "ಯಾಕಪ್ಪ, ಕೇಳ್ಲಿಲ್ವಾ ನೀನು ಅವರ್ನ?"

"ದೋಣಿ ನಾವೇ ಮಾಡ್ಸೋಣ ಕಣೋ!" ಅಂಜನಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಗುತ್ತಿಗೆ ಬರ್ಲಿ, ಮೊದಲ್ನೇ ಕೆಲ್ಸ ಅದೇ. ನಿಂಗೆ ಬೇಕಾದ್ ಬಣ್ಣ ಹೊಡ್ಕೊ. ಟೋಪಿ ಬೇಕಾದ್ರೆ ನಾನೇ ಹೊಲಿಸ್ಕೊಡ್ತೀನಿ!"

ಬೈರಪ್ಪ ಎದ್ದ. ಮೊರ ಮಗುಚಿ ಅವರೆಕಾಳು ಹಿತ್ತಲ ತುಂಬ ಹರಡಿತು. ಮರಿಯಮ್ಮ ಬೈಯುತ್ತಿದ್ದರೆ ಮೂವರೂ ನಗುತ್ತಾ ರಸ್ತೆಗೆ ಓಡಿದರು. ಗಾಡಿ ಇಲ್ಲ. ಬಿಸಿಲೇರಿತ್ತು. ಅಷ್ಟರಲ್ಲಿ ಜಯನಗರದ ಯಾವುದೋ ಮನೆ ಕೆಲಸಕ್ಕೆ ಸೈಜುಗಲ್ಲು ಹೇರಿಕೊಂಡ ಲಾರಿಯೊಂದು ಬಂತು. ಅಂಜನಮ್ಮ ರಸ್ತೆಯ ನಡುವೆ ಕೈ ಅಗಲಿಸಿ ನಿಂತಳು. ಡ್ರೈವರ್ ಬ್ರೇಕ್ ಹಾಕಿ ಬೈಯಲು ತಲೆ ಹೊರಹಾಕುವಷ್ಟರಲ್ಲಿ ಮೂವರೂ ಕಲ್ಲಿನ ಮೇಲೆ ಹತ್ತಿ ಆಗಿತ್ತು.

ಇತ್ತ ತೋಪಿನಲ್ಲಿ ಅಮಲ್ದಾರರ ಜೀಪು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿತ್ತು. ಕ್ಲಬ್ಬಿನ ಕಾರ್ಯದರ್ಶಿ ಗೌರೀಶಂಕರ ಎಂಬುವರು ಬಿಳಿ ಷರಟು, ಕಪ್ಪು ಕನ್ನಡಕ ಹಾಕಿಕೊಂಡು ಕಾದಿದ್ದರು. "ಅರ್ಜಿದಾರರು ಎಲ್ಲಿ?" ಎಂದು ಅಮಲ್ದಾರರು ಕೇಳಿದಾಗ ತಿಮ್ಮರಾಯಪ್ಪ ಮುಂದೆ ಬಂದ. ಆಮೇಲೆ ನಡೆದದ್ದನ್ನು ಊರಿನವರು ಬಹಳ ದಿನ ಆಡಿಕೊಂಡರು. ಅವನು ಮಾತಾಡತೊಡಗಿದ. "ಬನ್ನಿ ಸ್ವಾಮಿ, ತೋಪು ತೋರಿಸ್ತೀನಿ. ಇದು ಹುಣಿಸೆ. ಇದನ್ನ ನಮ್ ತಾತ ನೆಟ್ಟಿದ್ದು. ಇದು ಹೊಂಗೆ. ಇದೂ ಹೊಂಗೆ. ಈ ಹೊಂಗೆಗೂ ಆ ಹೊಂಗೆಗೂ ಬಲು ವ್ಯತ್ಯಾಸ ಸ್ವಾಮಿ, ಹೇಳ್ತೀನಿ ಬನ್ನಿ..." ಒಂದೊಂದು ಮರದ ಬುಡದಲ್ಲೂ ನಿಲ್ಲಿಸಿದ. ಮರಗಳು ಮುಗಿದ ಮೇಲೆ ಒಲೆಗಳನ್ನು ತೋರಿಸಿದ. ಒಲೆಗಳು ಮುಗಿಯುವಷ್ಟರಲ್ಲಿ ಅವನ ಗಂಟಲು ಒಣಗಿ, ಬೆವರು ಕಿತ್ತು ಬಂದಿತ್ತು. ಅಮಲ್ದಾರರು ಗಡಿಯಾರ ನೋಡಿಕೊಂಡರು.

ಆಗ ಏರಿಯ ಮೇಲೆ ಲಾರಿಯ ಹಾರನ್ ಕೇಳಿಸಿತು. ಕಲ್ಲಿನ ರಾಶಿಯ ಮೇಲೆ ಅಂಜನಮ್ಮ ನಿಂತೇ ಬರುತ್ತಿದ್ದಳು. ಒಂದು ಕೈಯಲ್ಲಿ ಬೈರಪ್ಪನ ಅಂಗಿ, ಇನ್ನೊಂದು ಕೈ ಮೇಲೆ. "ಬಂದ್ವೀ! ಮೂರ್ ಜನಾನೂ ಬಂದ್ವೀ!" ವನಭೋಜನಕ್ಕೆ ಬಂದಿದ್ದ ಜನ ಏನೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. ತಿಮ್ಮರಾಯಪ್ಪ ಒಂದು ಚೊಂಬು ನೀರು ಕುಡಿದು ಮರಕ್ಕೆ ಒರಗಿ ಕೂತುಬಿಟ್ಟ.

ನೆಲ್ಲಿಮರದ ನೆರಳಿನಲ್ಲಿ ಮೇಜು ಹಾಕಿ ವಿಚಾರಣೆ ನಡೆಯಿತು. ಗೌರೀಶಂಕರ ಮೊದಲು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ತೋಪು ಚೊಕ್ಕಟವಾಗುತ್ತದೆ, ಮರಗಳಿಗೆ ರಕ್ಷಣೆ ಸಿಗುತ್ತದೆ, ಸರ್ಕಾರಕ್ಕೂ ಒಳ್ಳೆಯದು ಅಂದರು. ಅಮಲ್ದಾರರು ತಲೆದೂಗಿ ಈ ಮೂವರ ಕಡೆ ತಿರುಗಿದರು.

"ನೀವು ಒಬ್ಬರ ಮುಖ ಒಬ್ಬರು ನೋಡೋರಲ್ಲ ಅಂತ ಕೇಳಿದೀನಿ. ಇಪ್ಪತ್ತು ವರ್ಷ ಒಟ್ಟಿಗೆ ಹೇಗಮ್ಮ ನಡೆಸ್ತೀರಿ?"

ಅಂಜನಮ್ಮ ಉತ್ತರಕ್ಕೆ ಉಸಿರು ಎಳೆದುಕೊಂಡಳು. ಅದೇ ಗಳಿಗೆಗೆ ಬೂರುಗದ ಮರದ ತುದಿಯಲ್ಲಿ ಏನೋ ಬಡಿದ ಸದ್ದಾಯಿತು. ಅಲ್ಲಿ ನೇತಾಡುತ್ತಿದ್ದ ಹೆಜ್ಜೇನಿನ ಗೂಡಿಗೆ ಹದ್ದೊಂದು ಎರಗಿ, ತುಂಡು ಕಿತ್ತುಕೊಂಡು ಹಾರಿಹೋಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮರದಿಂದ ಕಪ್ಪು ಮೋಡದ ಹಾಗೆ ಹುಳುಗಳು ಸುರಿದವು.

"ಹೆಜ್ಜೇನು! ಹೆಜ್ಜೇನು!"

ಎಲೆಯ ಮುಂದೆ ಕೂತವರು ಎಲೆ ತುಳಿದು ಓಡಿದರು. ಪಾಯಸದ ತಪ್ಪಲೆ ಉರುಳಿತು. ಮೇಜು ಮಗುಚಿತು. ಅಮಲ್ದಾರರು ಕಚೇರಿಯ ಟೋಪಿಯಿಂದ ಮುಖ ಬಡಿದುಕೊಳ್ಳುತ್ತಾ ನಿಂತಲ್ಲೇ ಸುತ್ತುತ್ತಿದ್ದರು. ಬೈರಪ್ಪ ಬೋರಲಿದ್ದ ಹರಗೋಲನ್ನು ತಿರುಗಿಸಿ ಹಾಕಿ, ಅವರ ನಡು ಹಿಡಿದು ಎತ್ತಿ ಅದರೊಳಗೆ ಕೂರಿಸಿದ. ಹತ್ತಿರವಿದ್ದ ಒಬ್ಬ ಮುದುಕಿಯನ್ನೂ ಕೈಗೂಸಿನ ತಾಯಿಯನ್ನೂ ಹತ್ತಿಸಿ, ಎಲ್ಲರ ಮೇಲೂ ಒಂದು ಜಮಖಾನ ಎಸೆದು, ಗಾಳಿಗೆ ಎದುರಾಗಿ ನೀರಿಗೆ ತಳ್ಳಿ ತಾನೂ ಹತ್ತಿದ. ನೀಲಗಂಗಮ್ಮ ಸಿಕ್ಕ ಜಮಖಾನಗಳನ್ನೆಲ್ಲ ಎಳೆದು ಮಕ್ಕಳ ಮೇಲೆ ಹೊದಿಸುತ್ತಾ ಓಡಾಡಿದಳು. "ಅಲ್ಲಾಡಬ್ಯಾಡ್ರಿ! ಬೋರಲು ಮಲಗ್ರಿ!" ಕೊನೆಗೆ ಉಳಿದ ಒಂದರೊಳಗೆ ತಾನು ನುಗ್ಗಿದರೆ ಅಲ್ಲಿ ಕ್ಲಬ್ಬಿನ ಗೌರೀಶಂಕರ ಕಪ್ಪು ಕನ್ನಡಕದ ಸಮೇತ ಮುದುರಿ ಕೂತಿದ್ದರು.

ಅಂಜನಮ್ಮ ಒಲೆಗಳ ಕಡೆ ಓಡಿದಳು. ಉರಿಯುತ್ತಿದ್ದ ಒಂದೊಂದು ಒಲೆಗೂ ಹಸಿ ಹೊಂಗೆ ಸೊಪ್ಪು ತುರುಕಿದಳು, ಒದ್ದೆ ಹುಲ್ಲು ತುರುಕಿದಳು. ಬೆನ್ನ ಮೇಲೆ, ಕೈ ಮೇಲೆ ಹುಳುಗಳು ಕೂತದ್ದು ಅವಳಿಗೆ ಗೊತ್ತೇ ಆಗಲಿಲ್ಲವಂತೆ. ಒಲೆಯಿಂದ ಒಲೆಗೆ, ಮತ್ತೆ ಸೊಪ್ಪಿಗೆ, ಮತ್ತೆ ಒಲೆಗೆ. ಬೆಳ್ಳಗೆ ದಟ್ಟವಾಗಿ ಹೊಗೆ ಎದ್ದು ತೋಪಿಗೆಲ್ಲ ಹಬ್ಬಿತು. ಜಮಖಾನದ ಅಂಚು ಎತ್ತಿ ನೀಲಗಂಗಮ್ಮ ಕಿರುಚಿದಳು:

"ಇನ್ನೂ ಹಾಕ್ರೀ ಅಂಜನಮ್ಮಾ! ಹೊಗೆ ಸಾಲದು!"

ಆ ಗಲಾಟೆಯ ನಡುವೆಯೂ ಅಂಜನಮ್ಮನಿಗೆ ಅದು ಕಿವಿಗೆ ಬಿತ್ತು. ಅವಳು ನಗತೊಡಗಿದಳು. ಹೊಗೆ ಕುಡಿದು ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ, ನಗುತ್ತಾ ಸೊಪ್ಪು ಹಾಕಿದಳು. ನಿಧಾನವಾಗಿ ಹುಳುಗಳ ಮೊರೆತ ಇಳಿಯಿತು. ಹೊಗೆಯೊಳಗಿಂದ ಅವು ಮೇಲಕ್ಕೆದ್ದು, ಮರದ ತುದಿಯಲ್ಲಿ ಮತ್ತೆ ಕಪ್ಪಗೆ ಗುಂಪುಗೂಡಿದವು.

ಜನ ಒಬ್ಬೊಬ್ಬರಾಗಿ ಜಮಖಾನಗಳಿಂದ ತಲೆ ಹೊರಹಾಕಿದರು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಿರಲಿಲ್ಲ. ಗುರುಶಾಂತಪ್ಪ ಎಲೆಅಡಿಕೆಯ ಸಂಚಿಯಿಂದ ಸುಣ್ಣ ತೆಗೆದು ಕಚ್ಚಿದ ಕಡೆಗೆಲ್ಲ ಹಚ್ಚುತ್ತಾ ಬಂದ. ಗೌರೀಶಂಕರರ ಹಣೆ, ಮುದುಕರ ಬೆನ್ನು, ಜೀಪಿನ ಡ್ರೈವರನ ಮೂಗು, ಎಲ್ಲಕ್ಕೂ ಬಿಳಿ ಬೊಟ್ಟು. ಅಂಜನಮ್ಮನ ಎರಡು ಕೈಗಳೂ ಮೊಣಕೈವರೆಗೆ ಊದಿದ್ದವು.

"ಅಮಲ್ದಾರ್ರೆಲ್ಲಿ?" ಯಾರೋ ಕೇಳಿದರು.

ಕೆರೆಯ ಮಧ್ಯದಲ್ಲಿ ಹರಗೋಲು ಮೆಲ್ಲಗೆ ಸುತ್ತುತ್ತಿತ್ತು. ಅಮಲ್ದಾರರ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಆದರೂ ಅವರು ಅಂಚನ್ನು ಹಿಡಿದು ನೀರನ್ನೂ ದಡವನ್ನೂ ನೋಡುತ್ತಿದ್ದರು. ಬೈರಪ್ಪ ದಡದ ಕಡೆ ಹುಟ್ಟು ಹಾಕಲು ಹೋದರೆ, "ಇರು ಇರು. ಇನ್ನೊಂದು ಸುತ್ತು ತಿರುಗಿಸಪ್ಪ" ಅಂದರಂತೆ.

ದಡಕ್ಕೆ ಬಂದ ಮೇಲೆ ಅವರು ಮೇಜು ಎತ್ತಿ ನಿಲ್ಲಿಸಲು ಹೇಳಿ, ಕೂತು, ಗುಮಾಸ್ತನನ್ನು ಕೇಳಿದರು: "ಎಲ್ಲಿಗೆ ನಿಂತಿತ್ತು?"

"ಒಟ್ಟಿಗೆ ಹೇಗೆ ನಡೆಸ್ತೀರಿ ಅಂತ ಕೇಳಿದ್ರಿ ಸಾರ್."

ಅಂಜನಮ್ಮ ಊದಿದ ಕೈಗಳನ್ನು ಮುಂದೆ ಹಿಡಿದುಕೊಂಡೇ ಹೇಳಿದಳು: "ಜಗಳ ಆಡ್ಕೊಂಡೇ ನಡೆಸ್ತೀವಿ ಸ್ವಾಮಿ. ಹದಿನೈದು ವರ್ಷ ಹಂಗೇ ನಡೆಸಿರೋದು."

ಅಮಲ್ದಾರರಿಗೆ ನಗು ಬಂತು. ಕೆನ್ನೆ ನೋಯಿತು. ಕೆನ್ನೆ ಹಿಡಿದುಕೊಂಡು ನಕ್ಕರು. ಗೌರೀಶಂಕರರೂ ನಕ್ಕರು. ಅವರು ಒಳ್ಳೆಯ ಮನುಷ್ಯರೇ. ಹಣೆಯ ಸುಣ್ಣ ಒರೆಸಿಕೊಂಡು, "ನಮಗೆ ಆಚೆ ದಡ ಸಿಕ್ಕಿದರೂ ಆದೀತು ಸಾರ್. ಅಲ್ಲಿ ಜೇನು ಇಲ್ಲ ತಾನೆ?" ಎಂದು ಕೇಳಿದರು.

ತೀರ್ಮಾನ ಅಂದೇ ಆಗಲಿಲ್ಲ. ಸಂಕ್ರಾಂತಿಗೆ ನಾಲ್ಕೈದು ದಿನ ಇರುವಾಗ ಮತ್ತೆ ತಮಟೆ ಕೇಳಿಸಿತು. ತೋಪು ಮೂವರಿಗೆ ಜಂಟಿಯಾಗಿ. ಬೇಲಿ ಹಾಕುವ ಹಾಗಿಲ್ಲ. ನೀರಿನ ಅಂಚಿನ ದಾರಿ ಎಲ್ಲರಿಗೂ ತೆರೆದಿರಬೇಕು. ಕ್ಲಬ್ಬಿಗೆ ಆಚೆ ದಡದಲ್ಲಿ ಜಾಗ. ಆದರೆ ಅವಧಿ ಇಪ್ಪತ್ತು ವರ್ಷವಲ್ಲ, ಹತ್ತು. ಅಂಜನಮ್ಮನ ಮುಖ ಒಂದು ಗಳಿಗೆ ಸಣ್ಣದಾಯಿತು. "ಇಪ್ಪತ್ತು ಕೇಳಿದ್ರೆ ಹತ್ತು ಕೊಟ್ಟವ್ರಲ್ಲ" ಅಂದಳು. ಜಗಲಿಯಿಂದ ತಿಮ್ಮರಾಯಪ್ಪ, "ಹತ್ತು ಕಾರ್ತಿಕ ಅಂದ್ರೆ ಕಮ್ಮಿ ಏನಲ್ಲ" ಅಂದ. ವಿಚಾರಣೆಯ ದಿನದ ನಂತರ ಅವನು ಇಡೀ ವಾಕ್ಯ ಹೇಳಿದ್ದು ಅದೇ ಮೊದಲು. ಅಂಜನಮ್ಮ ತಳವಾರನ ಕೈಯಿಂದ ತಮಟೆ ಕಿತ್ತುಕೊಂಡು, ತಾನೇ ಬಡಿಯುತ್ತಾ ಏರಿಯ ಮೇಲೆ ಓಡಿದಳು. ನೀಲಗಂಗಮ್ಮನಿಗೆ ವಿಷಯ ತಿಳಿಯುವ ಮೊದಲು ಸದ್ದು ತಿಳಿಯಿತು.

ಮುಂದಿನ ಕಾರ್ತಿಕಕ್ಕೆ ದೋಣಿ ಬಂತು. ತಿಲಕ್ ನಗರದ ಬಡಗಿಯೊಬ್ಬ ಮಾಡಿದ್ದು. ಅವನು ಅದಕ್ಕೆ ಮುಂಚೆ ಕಟ್ಟಿದ್ದೆಲ್ಲ ಮಂಚ, ಕಪಾಟು. ಬೈರಪ್ಪ ಹಸಿರು, ಹಳದಿ, ಕೆಂಪು ಮೂರೂ ಬಣ್ಣ ಹೊಡೆದಿದ್ದ. ಮೊದಲ ಸವಾರಿಗೆ ಉತ್ತರಹಳ್ಳಿಯಿಂದ ಮರಿಯಮ್ಮ ಮಕ್ಕಳೊಡನೆ ಬಂದಿದ್ದಳು. ಅಂಜನಮ್ಮ, ನೀಲಗಂಗಮ್ಮ ಪೂಜೆ ಮಾಡಿ, ಕಾಯಿ ಒಡೆದು, ತಾವೂ ಹತ್ತಿದರು. ದೋಣಿ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ತಳದಿಂದ ನೀರು ಬುಳುಬುಳು ಬರತೊಡಗಿತು.

"ಬೈರಪ್ಪಾ, ಕಾಲೊದ್ದೆ ಆಗ್ತೈತಲ್ಲೋ!" ನೀಲಗಂಗಮ್ಮ ಕೂಗಿದಳು.

"ಹೊಸಾ ದೋಣಿ ಅಕ್ಕ, ಮರ ನೀರು ಕುಡೀತದೆ. ಆಮ್ಯಾಕೆ ಸರಿಹೋಯ್ತದೆ!"

"ಅಷ್ಟೊತ್ತಿಗೆ ನಾವೂ ಕುಡ್ದಿರ್ತೀವಿ!"

ಅಂಜನಮ್ಮ ಪೂಜೆಯ ತಂಬಿಗೆ ಹಿಡಿದು ನೀರು ಮೊಗೆದು ಆಚೆ ಚೆಲ್ಲತೊಡಗಿದಳು. ನೀಲಗಂಗಮ್ಮ ತೆಂಗಿನ ಚಿಪ್ಪಿನಲ್ಲಿ ಮೊಗೆದಳು. ಮರಿಯಮ್ಮನ ಮಕ್ಕಳು ಬೊಗಸೆಯಲ್ಲಿ ಮೊಗೆಯುತ್ತಾ ಕೇಕೆ ಹಾಕಿದರು. ದಡದ ತುಂಬ ಜನ ನಿಂತು ನಗುತ್ತಿದ್ದರು. ಅವರ ನಡುವಿನಿಂದ ಬಸವನಗುಡಿಯ ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು: "ಅಂಜನಮ್ಮಾ, ಎಸರಿಡಬೇಕು, ಒಲೆ ಯಾವುದು ನಮಗೆ?"

"ಬಂದೇ ತಾಯೀ!" ಎಂದು ಅಂಜನಮ್ಮ ದೋಣಿಯಲ್ಲಿ ಎದ್ದು ನಿಂತಳು. ದೋಣಿ ಒಂದು ಕಡೆಗೆ ವಾಲಿತು. ಎಲ್ಲರೂ ಒಟ್ಟಿಗೆ ಕಿರುಚಿದರು. ಅಲ್ಲಿ ನೀರು ಸೊಂಟದಷ್ಟೇ ಇತ್ತು. ಅವಳು ಸೀರೆಯನ್ನು ಒಟ್ಟು ಮಾಡಿ ಹಿಡಿದು, ನೀರಿಗೆ ಧುಮುಕಿ, ನೀರನ್ನು ಸೀಳಿಕೊಂಡು ಒಲೆಗಳ ಕಡೆ ನಡೆದಳು.